ಬೆಳಗಿನ ಐದೂವರೆಯ ಸುಳ್ಳು

ಮದ್ದೂರು ತಾಲ್ಲೂಕಿನ ಒಂದು ಊರಿನ ಡೈರಿ. ಮಾಗಿಯ ಚಳಿ, ಇನ್ನೂ ಬೆಳಕು ಹರಿದಿಲ್ಲ, ಕ್ಯಾನು ಹಿಡಿದವರ ಸಾಲು ಅರಳಿಕಟ್ಟೆಯವರೆಗೆ. ಹಾಲು ತೂಗಿ, ಫ್ಯಾಟು ನೋಡಿ, ದರ ಲೆಕ್ಕ ಹಾಕಿ ಚೀಟಿ ಕೊಡುವ ಯಂತ್ರಕ್ಕೆ ಹಿಂದಿನ ಸಂಜೆಯಷ್ಟೇ ನಾವು ಹೊಸ ಬೋರ್ಡು ಕೂರಿಸಿದ್ದೆವು. ಮೊದಲ ಚೀಟಿ ಹೊರಬಂತು. ಲೀಟರು ಸರಿ, ಫ್ಯಾಟು ಸರಿ, ದುಡ್ಡು ಸರಿ. ತಾರೀಖು ಮಾತ್ರ 01-01-1970. ಸಮಯ 5:46. ಚೀಟಿ ಹಿಡಿದ ಹೆಂಗಸು ಓದಿ ನಕ್ಕರು: "ಆವತ್ಗೆ ನಮ್ಮವ್ವನ್ಗೆ ಮದ್ವೇನೇ ಆಗಿರ್ನಿಲ್ಲ ಕಣಪ್ಪೋ, ನಾನೆಲ್ಲಿ ಹಾಲಾಕ್ದೆ?" ಕಾರ್ಯದರ್ಶಿ ಗೋಡೆಯ ಗಡಿಯಾರ ನೋಡಿದರು. ಅಲ್ಲೂ ಐದೂಮುಕ್ಕಾಲೇ. "ಟೈಮ್ ಸರ್ಯಾಗೇ ಅದಲ್ಲ ಸಾ, ತಾರೀಕೊಂದು ಕೆಟ್ಟದೆ. ನಡೀಲಿ ಬುಡಿ" ಅಂದರು. ನಡೆಯಿತು. ಎರಡನೆಯ ಚೀಟಿ 5:46. ಹತ್ತನೆಯದೂ 5:46. ಬಿಸಿಲು ಬಂದು, ಸಾಲು ಕರಗಿ, ಹಾಲಿನ ಗಾಡಿ ಗೆಜ್ಜಲಗೆರೆಯ ದೊಡ್ಡ ಡೈರಿಯ ಕಡೆ ಹೊರಟ ಮೇಲೂ ನಮ್ಮ ಯಂತ್ರದಲ್ಲಿ ಐದು ನಲವತ್ತಾರೇ.

ತಪ್ಪು ಯಂತ್ರದ್ದಲ್ಲ. ಅದಕ್ಕೆ ಹೊತ್ತು ಹೇಳುವ ಕೋಡಿನ ಸಾಲು ಬರೆದವನು ನಾನು. ಬರೆಯುವಾಗ ನನ್ನ ತಲೆಯಲ್ಲಿದ್ದದ್ದು, ಇವತ್ತಿಗೂ ನಮ್ಮ ಕಸುಬಿನವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ತಲೆಯಲ್ಲಿರುವ ನಂಬಿಕೆಯೇ: "ಟೈಮ್ ತಾನೆ? ಒಂದು ಸಾಲಿನ ಕೆಲಸ." ನನ್ನ ಮೇಜಿನ ಮೇಲೆ ಓಡಿದ್ದು ಎಲ್ಲೆಲ್ಲೂ ಓಡುತ್ತದೆ, ಪ್ರೊಸೆಸರ್ ಯಾವುದಾದರೇನು, ಆ ತಲೆನೋವನ್ನು ಕರ್ನಲ್ ಬರೆಯುವವರು ಆಗಲೇ ಪರಿಹರಿಸಿದ್ದಾರೆ, ಹೇಗೂ ಈಗ ಎಲ್ಲವೂ 64 ಬಿಟ್. ಕಾಲೇಜಿನ ಪ್ರಯೋಗಾಲಯದಲ್ಲಿ ಹೀಗೇ ಕಲಿಸುತ್ತಾರೆ, ಬೆಂಗಳೂರಿನ ಸಂದರ್ಶನಗಳಲ್ಲಿ ಹೀಗೇ ಕೇಳುತ್ತಾರೆ. ಈ ನಂಬಿಕೆ ಸುಳ್ಳು ಎಂದು ಹೇಳಲು ಈ ಲೇಖನ. ಅದರ ದಂಡವನ್ನು ಕಟ್ಟುತ್ತಿರುವವರು ಅದನ್ನು ನಂಬಿದವರಲ್ಲ, ಕ್ಯಾನು ಹಿಡಿದು ನಿಂತವರು ಎಂಬುದು ನನ್ನ ದೂರು.

ಮೊದಲು 5:46ರ ರಹಸ್ಯ ಬಿಡಿಸುತ್ತೇನೆ. ಲಿನಕ್ಸ್‌ನಂಥ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಸೊನ್ನೆಯ ಕ್ಷಣ ನಮ್ಮ ದೇಶದಲ್ಲಿ ಬೆಳಗಿನ ಐದೂವರೆ. ಪ್ರೋಗ್ರಾಮಿಗೆ ಸಮಯ ಬೇಕಾದರೆ ಅದು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಬಾಗಿಲಿಗೆ ಹೋಗಿ ಒಂದು ನಂಬರು ಹೇಳಬೇಕು. ತಾಲ್ಲೂಕು ಕಚೇರಿಯ ಕಿಟಕಿಗಳಂತೆ, ಒಂದೊಂದು ಸೇವೆಗೆ ಒಂದೊಂದು ನಂಬರು. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಸಮಯ ಹೇಳುವ ಕಿಟಕಿ 201. ನಾನು ಎಲ್ಲೋ ನೋಡಿದ ಹಳೆಯ ತುಣುಕಿನಿಂದ ಆ 201 ಅನ್ನೇ ನೇರವಾಗಿ ಬರೆದಿದ್ದೆ, "ಲೈಬ್ರರಿಯ ಸುತ್ತುದಾರಿ ಏಕೆ" ಎಂಬ ಜಾಣತನದಲ್ಲಿ. ಹೊಸ ಬೋರ್ಡು ಅಗ್ಗದ 32 ಬಿಟ್ ಆರ್ಮ್ ಪ್ರೊಸೆಸರಿನದು. ಅಲ್ಲಿ 201ನೇ ಕಿಟಕಿಯಲ್ಲಿ ಕೂತಿರುವವನು ಬೇರೆಯೇ ಗುಮಾಸ್ತ. "ನೀನು ಯಾರು?" ಎಂಬುದಕ್ಕೆ ಉತ್ತರ ಕೊಡುವುದು ಅವನ ಕೆಲಸ, ಓಡುತ್ತಿರುವ ಪ್ರೋಗ್ರಾಮಿನ ಬಳಕೆದಾರ ಸಂಖ್ಯೆಯನ್ನು ಹೇಳುತ್ತಾನೆ. ನಮ್ಮ ಪ್ರೋಗ್ರಾಮಿನ ಸಂಖ್ಯೆ 1000. ನಾನು ಎಷ್ಟು ಹೊತ್ತು ಎಂದು ಕೇಳಿದೆ, ಅವನು "ನೀನು 1000" ಅಂದ, ನಾನು ಅದನ್ನು ಸಾವಿರ ಸೆಕೆಂಡು ಎಂದು ತಿಳಿದೆ. ಐದೂವರೆಗೆ ಸಾವಿರ ಸೆಕೆಂಡು ಕೂಡಿಸಿ: 5 ಗಂಟೆ 46 ನಿಮಿಷ 40 ಸೆಕೆಂಡು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಅದೇ ಪ್ರೋಗ್ರಾಮನ್ನು ಯಂತ್ರದ ಮೇಲಧಿಕಾರಿಯಾದ ರೂಟ್ ಆಗಿ ಓಡಿಸಿದ್ದರೆ ಸಂಖ್ಯೆ ಸೊನ್ನೆ, ಎಲ್ಲ ಚೀಟಿಯಲ್ಲೂ 5:30 ಬರುತ್ತಿತ್ತು. 64 ಬಿಟ್ ಆರ್ಮ್‌ನಲ್ಲಿ, ರಿಸ್ಕ್-ವಿ ಎಂಬ ಇನ್ನೊಂದು ಬಗೆಯ ಪ್ರೊಸೆಸರಿನಲ್ಲಿ 201 ಎಂದರೆ ನೆಟ್‌ವರ್ಕ್ ಸಂಪರ್ಕಕ್ಕೆ ಕಿವಿಗೊಟ್ಟು ಕೂರು ಎಂಬ ಆದೇಶ. ಅಲ್ಲಿ ನನ್ನ ಪ್ರಶ್ನೆ ವಿಫಲವಾಗಿ -1 ಹಿಂದಿರುಗುತ್ತಿತ್ತು, ಚೀಟಿಯಲ್ಲಿ 5:29:59 ಅಚ್ಚಾಗುತ್ತಿತ್ತು. ಮೂರು ಸನ್ನಿವೇಶಕ್ಕೆ ಮೂರು ಸುಳ್ಳು, ಮೂರೂ ಬೆಳಗಿನ ಐದೂವರೆಯ ಆಸುಪಾಸು. ಲಂಡನ್ನಿನಲ್ಲಾಗಿದ್ದರೆ ರಾತ್ರಿ ಒಂದು ಗಂಟೆ ಬಂತೆಂದು ಯಾರಾದರೂ ಬೆಚ್ಚುತ್ತಿದ್ದರು. ನಮ್ಮಲ್ಲಿ ಅದು ಹಾಲು ಕರೆಯುವ ಹೊತ್ತು. ಸುಳ್ಳು ನಿಜದ ಅಂಗಿ ತೊಟ್ಟೇ ಬರುತ್ತದೆ.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅಂಕಿಯ ಬದಲು ಆ ಸೇವೆಯ ಹೆಸರನ್ನು ಬರೆದಿದ್ದರೆ ಪ್ರೋಗ್ರಾಮು ಆರ್ಮ್ ಬೋರ್ಡಿಗೆ ಕಂಪೈಲೇ ಆಗುತ್ತಿರಲಿಲ್ಲ. ಆಧುನಿಕ ಆರ್ಮ್ ಲಿನಕ್ಸ್‌ನಲ್ಲಿ ಆ ಹಳೆಯ ಸೇವೆಯೇ ಇಲ್ಲ; ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ನನ್ನ ಮೇಜಿನ ಮೇಲೇ ಕೆಂಪು ಅಕ್ಷರದಲ್ಲಿ ಬೈಸಿಕೊಂಡು ಮುಗಿಯುತ್ತಿತ್ತು, ಊರಿನ ಮುಂದೆ ನಗೆಪಾಟಲಾಗುತ್ತಿರಲಿಲ್ಲ. ಜೊತೆಗೆ, ವೇಗ ಎಂದು ನಾನು ಹಿಡಿದ ಅಡ್ಡದಾರಿ ನಿಜಕ್ಕೂ ನಿಧಾನದ ದಾರಿ. ಇಂದಿನ ಲಿನಕ್ಸ್ ಸಮಯದ ಲೆಕ್ಕವನ್ನು ಪ್ರೋಗ್ರಾಮಿನ ಅಂಗಳದಲ್ಲೇ ಇಟ್ಟಿರುತ್ತದೆ. ಲೈಬ್ರರಿಯ ಮೂಲಕ ಕೇಳಿದರೆ ಕರ್ನಲ್‌ನ ಹೊಸ್ತಿಲು ದಾಟದೆಯೇ ಉತ್ತರ ಸಿಗುತ್ತದೆ. ನಂಬರು ಕೂಗಿಕೊಂಡು ಕಿಟಕಿಗೆ ಹೋಗುವವನೇ ಸಾಲಿನಲ್ಲಿ ನಿಲ್ಲಬೇಕು.

"ಸರಿ, ಹಾಗಾದರೆ ಲೈಬ್ರರಿ ಬಳಸಿ, ಮುಗಿಯಿತಲ್ಲ" ಎನ್ನುವವರಿದ್ದಾರೆ. ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿನಲ್ಲೇ ಊರುಗಳು ಮುಳುಗುವುದು. 2021ರ ಜನವರಿಯಲ್ಲಿ ಆಲ್ಪೈನ್ ಲಿನಕ್ಸ್‌ನ 3.13 ಆವೃತ್ತಿ ಬಂತು. ಅದರ ಲೈಬ್ರರಿ 32 ಬಿಟ್ ಯಂತ್ರಗಳಲ್ಲೂ ಸಮಯವನ್ನು 64 ಬಿಟ್ಟಿನಲ್ಲೇ ಕೇಳಲು ಶುರುಮಾಡಿತು; ಅದಕ್ಕಾಗಿ 2019ರಲ್ಲಿ ಲಿನಕ್ಸ್ 5.1 ತೆರೆದ ಹೊಸ ಕಿಟಕಿ 403. ಒಳ್ಳೆಯ ಕೆಲಸವೇ. ಆದರೆ ಹಳೆಯ ಸಾಫ್ಟ್‌ವೇರ್ ಇದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡುಗಳಲ್ಲಿ, ಪ್ರೋಗ್ರಾಮುಗಳನ್ನು ಬೇರ್ಪಡಿಸಿ ಓಡಿಸುವ ಡಾಕರ್ ಪೆಟ್ಟಿಗೆಯ ಕಾವಲುಗಾರನಿಗೆ 403 ಎಂಬ ನಂಬರೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವನು "ಅಂಥ ಸೇವೆ ಇಲ್ಲ" ಎಂದಿದ್ದರೆ ಲೈಬ್ರರಿ ಹಳೆಯ ಕಿಟಕಿಗೆ ತಿರುಗುತ್ತಿತ್ತು. ಅವನು "ಅನುಮತಿ ಇಲ್ಲ" ಅಂದ. ಗಡಿಯಾರಗಳು ಹುಚ್ಚುಹುಚ್ಚು ತಾರೀಖು ತೋರಿಸತೊಡಗಿದವು. ಲೈಬ್ರರಿ ಸರಿಯಿತ್ತು, ಕರ್ನಲ್ ಸರಿಯಿತ್ತು, ನಡುವಿನ ದ್ವಾರಪಾಲಕನ ಒಂದು ಮಾತು ತಪ್ಪಿತ್ತು. "ಯಾರೋ ನೋಡಿಕೊಂಡಿದ್ದಾರೆ" ಎನ್ನುವವರು ಆ ಯಾರೋ ಎಷ್ಟು ಜನ, ಅವರು ಒಬ್ಬರಿಗೊಬ್ಬರು ಮಾತಾಡಿದ್ದಾರೆಯೇ ಎಂದು ಎಂದಾದರೂ ಕೇಳಿದ್ದಾರೆಯೆ?

ಬೆಂಗಳೂರಿನವರಿಗೆ ಒಂದು ಭ್ರಮೆಯಿದೆ: ಬಗೆಬಗೆಯ ಪ್ರೊಸೆಸರುಗಳ ಗೋಜಲು ದೊಡ್ಡ ಕಂಪನಿಗಳ ವಿಷಯ, ಹಳ್ಳಿಯ ಯಂತ್ರ ಸರಳ. ನಿಜ ಇದಕ್ಕೆ ತಿರುಗುಮುರುಗು. ಬೆಂಗಳೂರಿನ ಕಚೇರಿಯಲ್ಲಿ ಇನ್ನೂರು ಲ್ಯಾಪ್‌ಟಾಪುಗಳಿದ್ದರೆ ಬಹುಪಾಲು ಒಂದೇ ಜಾತಿಯವು. ಮದ್ದೂರಿನ ಡೈರಿಯ ಹತ್ತಡಿ ಕೋಣೆಯಲ್ಲಿ ನೋಡಿ. ತಕ್ಕಡಿಯೊಳಗೆ ಒಂದು ಪುಟ್ಟ 8 ಬಿಟ್ ಚಿಪ್ಪು, ಚೀಟಿ ಕೊಡುವ ಪೆಟ್ಟಿಗೆಯಲ್ಲಿ 32 ಬಿಟ್ ಆರ್ಮ್, ಮೂಲೆಯಲ್ಲಿ ಧೂಳು ಹಿಡಿದ ಇಂಟೆಲ್ ಕಂಪ್ಯೂಟರು, ಕಾರ್ಯದರ್ಶಿಯ ಕಿಸೆಯಲ್ಲಿ 64 ಬಿಟ್ ಮೊಬೈಲು. ಇವೆಲ್ಲ ಒಂದೇ ಲೋಟ ಹಾಲಿನ ಬಗ್ಗೆ ಒಂದಕ್ಕೊಂದು ಹೊತ್ತು ಹೇಳಿಕೊಳ್ಳಬೇಕು. ಕೆಲವು 8 ಬಿಟ್ ಚಿಪ್ಪುಗಳ ಪ್ರಚಲಿತ ಲೈಬ್ರರಿಯಲ್ಲಿ ಕಾಲದ ಎಣಿಕೆ 1970ರಿಂದಲ್ಲ, 2000ದ ಜನವರಿ 1ರಿಂದ ಶುರು. ಆ ಅಂಕಿಯನ್ನು ಹಾಗೇ ಕಂಪ್ಯೂಟರಿಗೆ ಕೊಟ್ಟರೆ 2026ರ ಹಾಲು 1996ರದ್ದಾಗುತ್ತದೆ. ಆರ್ಮ್ ಪೆಟ್ಟಿಗೆ ಸದಸ್ಯರ ನಂಬರಿಗೆ 4 ಬೈಟು, ಸಮಯಕ್ಕೆ 8 ಬೈಟು ಇಟ್ಟು ದಾಖಲೆಯನ್ನು ಇದ್ದಂತೆಯೇ ಪೆನ್‌ಡ್ರೈವಿಗೆ ಸುರಿದರೆ ಅದು 16 ಬೈಟು, ನಡುವೆ 4 ಬೈಟು ಖಾಲಿ. ಲಿನಕ್ಸ್ ಓಡುವ ಹಳೆಯ 32 ಬಿಟ್ ಇಂಟೆಲ್ ಯಂತ್ರ ಅದೇ ದಾಖಲೆಯನ್ನು 12 ಬೈಟೆಂದು ಓದುತ್ತದೆ. ಮೊದಲ ಸದಸ್ಯನ ನಂಬರು ಸರಿ, ಅಲ್ಲಿಂದಾಚೆಗೆ ಎಲ್ಲರ ಹೊತ್ತೂ ನಂಬರೂ ಒಂದಕ್ಕೊಂದು ಬೆರಕೆ. ಎರಡೂ ಪ್ರೋಗ್ರಾಮುಗಳಲ್ಲಿ ಒಂದಕ್ಷರ ತಪ್ಪು ಹುಡುಕಲಾರಿರಿ.

ಹಿಂದೆ ಊರಿಗೊಂದು ಕೊಳಗವಿತ್ತು. ಸಂತೆಗೆ ಹೋಗುವವನಿಗೆ ಅದು ಗೊತ್ತಿತ್ತು, ಅಳೆಯುವ ಮುಂಚೆ ಯಾವ ಕೊಳಗ ಎಂದು ಕೇಳುತ್ತಿದ್ದ. ನಮ್ಮ ಪ್ರೋಗ್ರಾಮರಿಗೆ ಈ ವಿವೇಕವಿಲ್ಲ. ಪ್ರೊಸೆಸರಿನೊಳಗಿನ ಎಣಿಕೆಗಾರನನ್ನು ನೇರವಾಗಿ ಓದಿ ಹೊತ್ತು ಅಳೆಯುವುದು ಶೌರ್ಯ ಎಂದು ತಿಳಿದವರು ನಮ್ಮಲ್ಲಿ ಧಾರಾಳ. ಇಂಟೆಲ್ 1993ರ ಪೆಂಟಿಯಂನಿಂದ ಇಂಥ ಎಣಿಕೆ ಕೊಟ್ಟಿದೆ. ಆರ್ಮ್‌ನಲ್ಲಿದೆ, ರಿಸ್ಕ್-ವಿಯಲ್ಲೂ ಇದೆ. ಆದರೆ ಎಣಿಕೆ ಎಂದರೆ ಹೊತ್ತಲ್ಲ. ಹಿಂದೆ ನೀರಿನ ಮೇಲೆ ತೇಲಿಬಿಡುತ್ತಿದ್ದ ಗಳಿಗೆ ಬಟ್ಟಲು ನೆನಪಿಸಿಕೊಳ್ಳಿ. ತಳದ ತೂತಿನಿಂದ ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ತೂತು ದೊಡ್ಡದಾದರೆ ಗಳಿಗೆಯೇ ಚಿಕ್ಕದು. ರಾಸ್ಪ್‌ಬೆರಿ ಪೈ 3ರ ಎಣಿಕೆ ಸೆಕೆಂಡಿಗೆ 1 ಕೋಟಿ 92 ಲಕ್ಷ, ಪೈ 4ರದ್ದು 5 ಕೋಟಿ 40 ಲಕ್ಷ. ಹೊರಗಿನಿಂದ ಅಣ್ಣ ತಮ್ಮಂದಿರಂತೆ ಕಾಣುವ ಎರಡು ಬೋರ್ಡುಗಳು. ಮೊದಲನೆಯದಕ್ಕೆ ಲೆಕ್ಕ ಹಾಕಿದ ಒಂದು ನಿಮಿಷ ಎರಡನೆಯದರಲ್ಲಿ ಇಪ್ಪತ್ತೊಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆರ್ಮ್ ತನ್ನ ವೇಗವನ್ನು ಪಕ್ಕದ ಇನ್ನೊಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದೆ, ರಿಸ್ಕ್-ವಿ ಬೋರ್ಡಿನ ವಿವರಪಟ್ಟಿಯಲ್ಲಿ ಹೇಳುತ್ತದೆ. ತೂತಿನ ಅಳತೆ ಕೇಳದೆ ಬಟ್ಟಲು ತೇಲಿಬಿಟ್ಟವನ ಮುಹೂರ್ತ ತಪ್ಪಿದರೆ ಬಟ್ಟಲನ್ನು ಬೈಯುವುದೇನು ಬಂತು?

ಇದಕ್ಕಿಂತ ಹೆಚ್ಚು ನಡೆಯುವ, ಹೆಚ್ಚು ಹಾಳುಮಾಡುವ ತಪ್ಪು ಬೇರೆಯಿದೆ. ಎಷ್ಟು ಗಂಟೆಯಾಯಿತು ಎಂಬುದು ಒಂದು ಪ್ರಶ್ನೆ. ಎಷ್ಟು ಹೊತ್ತಾಯಿತು ಎಂಬುದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ, ಆದರೂ ಕೋಡಿನಲ್ಲಿ ಎರಡನ್ನೂ ಒಂದೇ ಗಡಿಯಾರಕ್ಕೆ ಕೇಳುತ್ತೇವೆ. ಮಳವಳ್ಳಿ ಕಡೆಯ ಹೊಲಗಳನ್ನು ನೆನೆಯಿರಿ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದವರಿಗೆ ನೀರು ಮುಟ್ಟುವುದೇ ಕಷ್ಟ, ಅದಕ್ಕೇ ಬೋರಿನ ಮೊರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಸಿಗುವುದು ದಿನಕ್ಕೆ 7 ಗಂಟೆ ಎಂದು ಸರ್ಕಾರದ ಮಾತು, ಅದೂ ಪಾಳಿಯ ಮೇಲೆ, ಎಷ್ಟೋ ಸಲ ರಾತ್ರಿಯಲ್ಲಿ. ಅದಕ್ಕೇ ಮೊಬೈಲಿನಿಂದ ನಡೆಸುವ ಆಟೋ ಸ್ಟಾರ್ಟರುಗಳು ಬಂದವು. ಇಂಥ ಪೆಟ್ಟಿಗೆಯಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ ಎಂದುಕೊಳ್ಳಿ. ಕರೆಂಟು ಬಂದ ತಕ್ಷಣ ಅದು 1970ರಲ್ಲಿ ಕಣ್ಣು ಬಿಡುತ್ತದೆ. ಮೋಟಾರು ಶುರುವಾದ ಹೊತ್ತನ್ನು ಬರೆದುಕೊಳ್ಳುತ್ತದೆ. ಎರಡು ನಿಮಿಷಕ್ಕೆ ಮೊಬೈಲ್ ನೆಟ್‌ವರ್ಕಿನಿಂದ ನಿಜವಾದ ಹೊತ್ತು ಸಿಗುತ್ತದೆ, ಗಡಿಯಾರ ಒಮ್ಮೆಲೇ ಐವತ್ತಕ್ಕೂ ಹೆಚ್ಚು ವರ್ಷ ಹಾರುತ್ತದೆ. ಕಳೆದು ನೋಡಿದರೆ ಮೋಟಾರು ಅರ್ಧ ಶತಮಾನದಿಂದ ಓಡುತ್ತಿದೆ! ನಿಗದಿತ ಹೊತ್ತು ಮೀರಿತೆಂದು ಪೆಟ್ಟಿಗೆ ನಿಷ್ಠೆಯಿಂದ ಮೋಟಾರು ನಿಲ್ಲಿಸುತ್ತದೆ. ಕಬ್ಬು ಒಣಗುತ್ತದೆ. ರೈತ "ನಮ್ ಟೈಮೇ ಸರಿಯಿಲ್ಲ" ಎಂದುಕೊಂಡು ಮಲಗುತ್ತಾನೆ. ಅವನು ಹೇಳಿದ್ದು ಅಕ್ಷರಶಃ ನಿಜ, ಆದರೆ ಅದು ಅವನ ಹಣೆಬರಹವಲ್ಲ, ಯಾರದೋ ಕೋಡು. ಕಳೆದ ಹೊತ್ತನ್ನು ಅಳೆಯಲು ಎಂದೂ ಹಿಂದೆ ಸರಿಯದ, ಮುಂದೆ ಹಾರದ ಬೇರೆಯೇ ಗಡಿಯಾರ ಪ್ರತಿ ಲಿನಕ್ಸ್‌ನಲ್ಲೂ ಇದೆ; ಮೊನೊಟೋನಿಕ್ ಎನ್ನುತ್ತಾರೆ. ಬಳಸಲು ಒಂದು ಪದ ಬದಲಿಸಿದರೆ ಸಾಕು.

ಪುಟ್ಟ ಚಿಪ್ಪುಗಳ ಮಿಲಿಸೆಕೆಂಡಿನ ಎಣಿಕೆ 32 ಬಿಟ್ಟಿನಲ್ಲಿ 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಯಾಗುತ್ತದೆ. ವಿಂಡೋಸ್ 95 ಇದೇ ಕಾರಣಕ್ಕೆ ಐವತ್ತನೇ ದಿನ ನಿಂತುಬಿಡುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಈ ರೋಗ ಬಹುಕಾಲ ಕಾಣಿಸಿಕೊಳ್ಳಲಿಲ್ಲ, ಏಕೆಂದರೆ ಯಾವ ಯಂತ್ರಕ್ಕೂ ಐವತ್ತು ದಿನ ಬಿಡದೆ ಕರೆಂಟು ಸಿಕ್ಕಿರಲಿಲ್ಲ. ಪ್ರೋಗ್ರಾಮರುಗಳ ಮಾನ ಕಾಪಾಡಿದ್ದು ಕರೆಂಟು ತೆಗೆಯುವ ಲೈನ್‌ಮನ್.

ಇನ್ನು 19800. ಈ ಅಂಕಿಯನ್ನು ನೋಡಿದ ಕೂಡಲೇ ಭಾರತದ ಯಾವುದೇ ಪ್ರೋಗ್ರಾಮರು ನಾಚಿ ನಗುತ್ತಾನೆ. ಐದೂವರೆ ಗಂಟೆಗೆ ಅಷ್ಟು ಸೆಕೆಂಡು. 1906ರಲ್ಲಿ ಬಂದ ನಮ್ಮ ಪ್ರಮಾಣಕಾಲ ಪೂರ್ವದ 82 ಡಿಗ್ರಿ 30 ನಿಮಿಷ ರೇಖಾಂಶದ್ದು. ಮಂಡ್ಯದ ಸೂರ್ಯ ಅದಕ್ಕಿಂತ ಸುಮಾರು 22 ನಿಮಿಷ ಹಿಂದೆ. ಅದು ಸೂರ್ಯನಿಗೆ ಬಿಟ್ಟ ವಿಷಯ. ಯಂತ್ರ ಒಳಗೆ ಗ್ರೀನಿಚ್ ಹೊತ್ತು ಇಟ್ಟುಕೊಂಡು ತೋರಿಸುವಾಗ ಮಾತ್ರ ನಮ್ಮ ಹೊತ್ತಿಗೆ ತಿರುಗಿಸಬೇಕು. ಆದರೆ ಲಿನಕ್ಸ್ ತನ್ನ ಬ್ಯಾಟರಿ ಗಡಿಯಾರದಲ್ಲಿ ಸಾಮಾನ್ಯವಾಗಿ ಗ್ರೀನಿಚ್ ಹೊತ್ತು ಇಡುತ್ತದೆ, ವಿಂಡೋಸ್ ಸ್ಥಳೀಯ ಹೊತ್ತು ಇಡುತ್ತದೆ. ಚಿಕ್ಕ ಬೋರ್ಡುಗಳ ಎಷ್ಟೋ ಲೈಬ್ರರಿಗಳಿಗೆ ಭಾರತದ ಹೊತ್ತು ಯಾವುದೆಂದು ಯಾರಾದರೂ ಹೇಳಿಕೊಡದೆ ಗೊತ್ತಾಗುವುದಿಲ್ಲ. ಹಾಗಾಗಿ ಪೆಟ್ಟಿಗೆಯವನು ಕೈಯಾರೆ 19800 ಕೂಡಿಸುತ್ತಾನೆ. ಸರ್ವರಿನವನು ಅದು ಗ್ರೀನಿಚ್ ಎಂದು ತಿಳಿದು ಇನ್ನೊಮ್ಮೆ ಕೂಡಿಸುತ್ತಾನೆ. ಬೆಳಗ್ಗೆ ಏಳಕ್ಕೆ ಹಾಕಿದ ಹಾಲು ಲೆಕ್ಕದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಬಂದು ಸಂಜೆಯ ಪಾಳಿಗೆ ಸೇರುತ್ತದೆ. ಆರೂಕಾಲಿಗೆ ಹಾಕಿದವರದು ಮಾತ್ರ ಬೆಳಗಿನಲ್ಲೇ ಉಳಿಯುತ್ತದೆ. ಅದೇ ಸದಸ್ಯ ಸಂಜೆ ಮತ್ತೆ ಹಾಲು ತಂದರೆ ಒಂದೇ ಪಾಳಿಗೆ ಎರಡು ದಾಖಲೆ. ಬಹುತೇಕ ಪ್ರೋಗ್ರಾಮುಗಳು ಎರಡನೆಯದನ್ನು ಬೇಡ ಎನ್ನುತ್ತವೆ ಇಲ್ಲವೇ ಮೊದಲನೆಯದರ ಮೇಲೆ ಬರೆಯುತ್ತವೆ. ಬಟವಾಡೆಯ ದಿನ ಪಾಸ್‌ಬುಕ್ಕಿಗೂ ಕಂಪ್ಯೂಟರಿಗೂ ತಾಳೆಯಾಗುವುದಿಲ್ಲ. ಕಟಕಟೆಯಲ್ಲಿ ನಿಲ್ಲುವವರು ಕಾರ್ಯದರ್ಶಿ. ಹಾಲು ನುಂಗಿದ ಎಂಬ ಮಾತು ಊರಲ್ಲಿ ಒಮ್ಮೆ ಹುಟ್ಟಿದರೆ ಆರುವುದಿಲ್ಲ.

ಲೀಟರಿನ ದರದ ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ. ಕಳೆದುಹೋದ ಒಂದು ಪಾಳಿ ಎಂಟು ಲೀಟರು ಎಂದುಕೊಂಡರೂ ಆ ಒಂದು ಬಾಬತ್ತಿನಲ್ಲೇ 40 ರೂಪಾಯಿ. ಎರಡು ಎಮ್ಮೆ ಸಾಕಿದ ಮನೆಗೆ ಅದು ಚಿಲ್ಲರೆಯಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ವಾದಕ್ಕೆ ಬರುತ್ತೇನೆ. "ಇದೆಲ್ಲ 32 ಬಿಟ್ ಕಾಲದ ಕತೆ. 64 ಬಿಟ್ ಬಂದಾಯಿತು, 2038ರ ಗುಮ್ಮ ಸತ್ತಾಯಿತು." 32 ಬಿಟ್ಟಿನಲ್ಲಿ ಹಿಡಿಸುವ ಕೊನೆಯ ಸೆಕೆಂಡು ನಮ್ಮ ಹೊತ್ತಿನಲ್ಲಿ 2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಸಂಕ್ರಾಂತಿ ಕಳೆದು ನಾಲ್ಕೈದು ದಿನ, ಆಲೆಮನೆಗಳಲ್ಲಿ ಹೊಗೆ, ಬೆಳಗಿನ ಹಾಲು ಆಗಷ್ಟೇ ಹೋಗಿರುತ್ತದೆ. ಮರುಸೆಕೆಂಡಿಗೆ ಹಳೆಯ ಲೆಕ್ಕದ ಯಂತ್ರ 1901ರ ಡಿಸೆಂಬರಿಗೆ ಬೀಳುತ್ತದೆ. ಮಳವಳ್ಳಿಯವರಿಗೆ ಇದನ್ನು ಹೀಗೆ ಹೇಳಬಹುದು: ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನಿನಲ್ಲಿ, ನಿಮ್ಮ ಯಂತ್ರ ಅದಕ್ಕೂ ಆರು ತಿಂಗಳು ಮುಂಚೆಗೆ ಹೋಗಿ, ಇನ್ನೂ ಹುಟ್ಟಿರದ ಕರೆಂಟಿನಲ್ಲಿ ಓಡುತ್ತಿರುತ್ತದೆ.

64 ಬಿಟ್ ಬಂದದ್ದು ನಿಜ. ಅದು ತಾನಾಗಿ ಬರಲಿಲ್ಲ, ಎಲ್ಲ ಕಡೆಗೂ ಬಂದಿಲ್ಲ. 32 ಬಿಟ್ ಯಂತ್ರಗಳಿಗಾಗಿ ಲಿನಕ್ಸ್ ಕರ್ನಲ್ ಸಿದ್ಧವಾದದ್ದು 2020ರ 5.6ನೇ ಆವೃತ್ತಿಯ ಹೊತ್ತಿಗೆ. ಆರ್ನ್ಡ್ ಬರ್ಗ್‌ಮನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಸವೆಸಿದ ದಾರಿ ಅದು. ಪ್ರಮುಖ ಸಿ ಲೈಬ್ರರಿಯಾದ ಗ್ಲಿಬ್‌ಸಿ 2021ರಲ್ಲಿ ಆ ಸೌಲಭ್ಯ ಕೊಟ್ಟಿತು, ಆದರೆ ಕೇಳಿದವರಿಗೆ ಮಾತ್ರ. ಕಂಪೈಲ್ ಮಾಡುವಾಗ ಆ ಗುಂಡಿ ಒತ್ತದ 32 ಬಿಟ್ ಪ್ರೋಗ್ರಾಮು ಇವತ್ತು ಹುಟ್ಟಿದರೂ 2038ಕ್ಕೇ ಸಾಯುತ್ತದೆ. ಡೆಬಿಯನ್ ಬಳಗ ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಿ 2025ರ ತನ್ನ 13ನೇ ಆವೃತ್ತಿಯಲ್ಲಿ 32 ಬಿಟ್ ಆರ್ಮ್ ಅನ್ನು ದಡ ಸೇರಿಸಿತು. ಹಳೆಯ 32 ಬಿಟ್ ಇಂಟೆಲ್ ಅನ್ನು ಮಾತ್ರ ದಡದಾಚೆಯೇ ಬಿಟ್ಟಿತು. ಓಪನ್‌ಬಿಎಸ್‌ಡಿಯವರು 2014ರಲ್ಲೇ ಎಲ್ಲ ಪ್ರೊಸೆಸರುಗಳಿಗೂ ಒಟ್ಟಿಗೆ ಬದಲಾಯಿಸಿ ಕೈತೊಳೆದುಕೊಂಡಿದ್ದರು. ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಪ್ರೊಸೆಸರು 64 ಬಿಟ್ ಆದಮೇಲೂ ಕೋಡು ಆಗಬೇಕಲ್ಲ. ಸಿ ಭಾಷೆಯ ಲಾಂಗ್ ಎಂಬ ಮಾದರಿ 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ ಇವತ್ತಿಗೂ 32. ಸಮಯವನ್ನು ಅದರೊಳಗೆ ತುರುಕಿದವನ ಪ್ರೋಗ್ರಾಮು ಅರ್ಧ ಕತ್ತರಿಸಿದ ಹೊತ್ತನ್ನು ಹೊತ್ತು ತಿರುಗುತ್ತದೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟಾಂಪ್ ಕಾಲಂ ಎಷ್ಟು ದೊಡ್ಡ ಸರ್ವರಿನಲ್ಲಿದ್ದರೂ 2038ರ ಆ ಬೆಳಗ್ಗೆಯಾಚೆಗಿನ ತಾರೀಖು ಹಿಡಿಯುವುದಿಲ್ಲ. ಹೊಸ ಮನೆ ಕಟ್ಟಿಸಿ ಹಳೆಯ ಬೀಗವನ್ನೇ ಹಾಕಿದ ಹಾಗೆ.

"ವೈಟೂಕೆ ಎಂದು ಹೆದರಿಸಿದಿರಿ, ಏನಾಯಿತು?" ಎಂಬ ವ್ಯಂಗ್ಯ ಇಲ್ಲಿ ತಪ್ಪದೆ ಬರುತ್ತದೆ. ಇಸವಿ 2000 ಬಂದಾಗ ದೊಡ್ಡದೇನೂ ಆಗಲಿಲ್ಲ, ಏಕೆಂದರೆ ಕೂತು ತಿದ್ದಿದರು. ಬೆಂಗಳೂರಿನ ಎಷ್ಟು ಕಂಪನಿಗಳು ಆ ತಿದ್ದುವ ಕೂಲಿಯಲ್ಲೇ ಬೆಳೆದವು ಎಂಬುದನ್ನು ಆ ಊರಿನವರೇ ಮರೆತರೆ ಹೇಗೆ? ಏರಿ ಕಟ್ಟಿದ ಮೇಲೆ ಕೆರೆ ಒಡೆಯಲಿಲ್ಲ, ಆದ್ದರಿಂದ ಏರಿಯೇ ಬೇಕಿರಲಿಲ್ಲ ಎಂಬ ತರ್ಕ ಮಂಡ್ಯದ ಯಾವ ರೈತನ ಮುಂದೂ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಭಾರತದ್ದೇ ಪ್ರೊಸೆಸರು ಎಂದು ನಾವು ಹೆಮ್ಮೆಪಡುತ್ತೇವೆ: ಮದ್ರಾಸ್ ಐಐಟಿಯ ಶಕ್ತಿ, ಸಿಡ್ಯಾಕ್‌ನ ವೇಗ. ಎರಡೂ ರಿಸ್ಕ್-ವಿ. ಈ ಕುಟುಂಬದ 32 ಬಿಟ್ ಲಿನಕ್ಸ್‌ನಲ್ಲಿ 32 ಬಿಟ್ ಸಮಯದ ಹಳೆಯ ಕಿಟಕಿಗಳನ್ನು ತೆರೆಯಲೇ ಇಲ್ಲ. ಇರುವುದು 64 ಬಿಟ್ಟಿನ 403 ಮಾತ್ರ. ನಾಳೆ ಸ್ವದೇಶಿ ಚಿಪ್ಪಿನ ಹಾಲಿನ ಯಂತ್ರ ಬಂದರೆ, ಹಳೆಯ ಕಿಟಕಿಯ ನಂಬರನ್ನು ಬಾಯಿಪಾಠ ಮಾಡಿಕೊಂಡ ಕೋಡು ಅದರ ಬಾಗಿಲಲ್ಲಿ ತಡಕಾಡುತ್ತದೆ. ಚಿಪ್ಪು ನಮ್ಮದಾಗಿ, ಅಭ್ಯಾಸ ಮಾತ್ರ ಯಾವುದೋ ಕಾಲದ ಇಂಟೆಲ್ ಯಂತ್ರದ್ದಾದರೆ ಸ್ವದೇಶಿ ಎಂಬ ಲೇಬಲ್ಲಿಗೆ ಅರ್ಥವೇನು?

ಎಲ್ಲರೂ ಕರ್ನಲ್ ಓದಬೇಕು ಎಂದು ನಾನು ಹೇಳುತ್ತಿಲ್ಲ. ಬರೀ ಗೋಡೆಗೆ ನೇತುಹಾಕುವ ಗಡಿಯಾರಕ್ಕೆ ಇಷ್ಟು ಗಲಾಟೆ ಬೇಡ. ಆದರೆ ಯಾವ ಯಂತ್ರದ ಚೀಟಿಯ ಮೇಲೆ ಒಬ್ಬರ ದುಡ್ಡು ನಿಂತಿದೆಯೋ, ಹಾಲಿನದಾಗಲಿ, ಕೊಪ್ಪದ್ದೋ ಕೆ.ಎಂ. ದೊಡ್ಡಿಯದ್ದೋ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಯ ತೂಕದ್ದಾಗಲಿ, ಅಲ್ಲಿ ಅಸಡ್ಡೆಗೆ ಕ್ಷಮೆಯಿಲ್ಲ. ಮಾಡಬೇಕಾದ ಕೆಲಸವೂ ಬೆಟ್ಟದಷ್ಟಿಲ್ಲ. ಅಂಕಿಯಿಂದ ಕರೆಯಬೇಡಿ, ಹೆಸರಿನಿಂದ ಕರೆಯಿರಿ. ಕ್ಲಾಕ್ ಗೆಟ್‌ಟೈಮ್ ಎಂಬ ಒಂದೇ ಕರೆ ಲಿನಕ್ಸ್ ಇರುವ ಎಲ್ಲ ಪ್ರೊಸೆಸರಿನಲ್ಲೂ ಸಿಗುತ್ತದೆ. ಸಮಯವನ್ನು ಎಲ್ಲಿ ಇಟ್ಟರೂ 64 ಬಿಟ್ಟಿನಲ್ಲಿ ಇಡಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕೊಡುವಾಗ ಬೈಟು ಸುರಿಯದೆ ವರ್ಷ, ತಿಂಗಳು, ದಿನ, ಗಂಟೆ ಎಂದು ಅಕ್ಷರದಲ್ಲೇ ಬರೆದು, ಅದು ಗ್ರೀನಿಚ್ ಹೊತ್ತೋ ನಮ್ಮ ಹೊತ್ತೋ ಎಂದು ಪಕ್ಕದಲ್ಲೇ ಹೇಳಿ. ಬೋರ್ಡು ಕೈಗೆ ಬರುವ ಮುಂಚೆಯೇ ಕ್ಯೂಎಮು ಎಂಬ ಉಚಿತ ಅನುಕರಣ ಯಂತ್ರದಲ್ಲಿ ಆರ್ಮ್ ಮೇಲೂ ರಿಸ್ಕ್-ವಿ ಮೇಲೂ ಒಮ್ಮೆ ಓಡಿಸಿ ನೋಡಿ. ನಾನು ಅಷ್ಟು ಮಾಡಿದ್ದರೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಮಾಡದೆ, ಆ ಬೆಳಗ್ಗೆ ಹಾಲು ಹಾಕಿದ ಎಲ್ಲರ ಚೀಟಿಗಳನ್ನು ಕಾರ್ಯದರ್ಶಿಯ ಜೊತೆ ಕೂತು ಕೈಯಲ್ಲಿ ತಿದ್ದಿದೆ.

ಪ್ರೋಗ್ರಾಮರುಗಳು ಕೇಳದಿದ್ದರೆ ಬೇಡ. ಕೊನೆಯ ಮಾತು ಡೈರಿಯ ಕಾರ್ಯದರ್ಶಿಗಳಿಗೆ, ಆಡಳಿತ ಮಂಡಳಿಯವರಿಗೆ. ಇವತ್ತು ಕೊಂಡ ಯಂತ್ರವನ್ನು ನೀವು ಹತ್ತು ಹನ್ನೆರಡು ವರ್ಷ ಬಿಡುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮುಂದಿನ ಸಲ ಹೊಸ ಯಂತ್ರ ಹೊತ್ತು ಬಂದವನನ್ನು ಕೂರಿಸಿ ಕಾಫಿ ಕೊಡಿ. ಯಂತ್ರದ ತಾರೀಖನ್ನು 2038ರ ಜನವರಿ 19, ಬೆಳಗ್ಗೆ 8 ಗಂಟೆ 43 ನಿಮಿಷಕ್ಕೆ ಇಡಲು ಅವನಿಗೇ ಹೇಳಿ. ಒಂದು ಸ್ಯಾಂಪಲ್ ಹಾಲು ಹಾಕಿ ಚೀಟಿ ತೆಗೆಸಿ. ಕಾಫಿ ಮುಗಿಯುವವರೆಗೆ ಕಾದು, ಇನ್ನೊಂದು ಚೀಟಿ ತೆಗೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ಚೆಕ್ಕಿಗೆ ಸಹಿ ಹಾಕಿ.